ದೀಪ ಹತ್ತುವವರೆಗಿನ ದೊರೆ

ಲಿಫ್ಟ್ ರಿಪೇರಿಯವನಿಗೆ ಮಾತೇ ಬರುವುದಿಲ್ಲ ಎಂದು ಅವನ ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಅದು ಅರ್ಧ ಸುಳ್ಳು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು, ಕತ್ತಲಲ್ಲಿ ಬೆವರುತ್ತ, ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಿ ಸುಸ್ತಾದವರನ್ನು ಕೇಳಿದ್ದರೆ ಬೇರೆಯೇ ಉತ್ತರ ಬರುತ್ತಿತ್ತು. ಮುಚ್ಚಿದ ಬಾಗಿಲಿನ ಆಚೆಯಿಂದ ಅವನ ದನಿ ಕೇಳಿಸಿದರೆ ಸಾಕು, ಅವರಿಗೆ ಹೋದ ಜೀವ ಬಂದಂತಾಗುತ್ತಿತ್ತು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುತ್ತಿದ್ದ. ಕಾಲು ನೋಯುತ್ತಿದ್ದರೆ ನೆಲದ ಮೇಲೆ ಕೂತುಬಿಡಿ, ಯಾರೂ ನೋಡುವುದಿಲ್ಲ ಎನ್ನುತ್ತಿದ್ದ. ಇನ್ನೇನು ಆಗೇಹೋಯಿತು ಎಂಬ ಸುಳ್ಳನ್ನು ಮಾತ್ರ ಎಂದೂ ಹೇಳಿದವನಲ್ಲ. ಅದರ ಬದಲು ಅವನ ಹತ್ತಿರ ಒಂದು ಮಾತಿತ್ತು, ಪ್ರತಿ ಸಲವೂ ಅದೇ ಮಾತು: ‘ನೀವು ಹೊರಗೆ ಬರೋ ತನಕ ನಾನು ಇಲ್ಲಿಂದ ಕದಲೋದಿಲ್ಲ.’

ಹಾಗೆ ಹೇಳಿ ಕದಲದೆ ಇದ್ದದ್ದೂ ನಿಜ. ಆದರೆ ಮಧ್ಯೆ ಬಾಗಿಲಿಲ್ಲದೆ, ಎದುರೆದುರು ನಿಂತು, ತನ್ನವರಿಗೆ ಏನಾದರೂ ಹೇಳಬೇಕಾಗಿ ಬಂದರೆ ಈ ಮಹಾರಾಯನ ನಾಲಿಗೆಗೆ ಬೀಗ ಬೀಳುತ್ತಿತ್ತು. ಹೊರಡುತ್ತಿದ್ದದ್ದು ಒಂದೇ ಪದ. ‘ಸರಿ.’

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ. ಗೋಡೆಯ ಜೊತೆ ಎಷ್ಟು ದಿನ ಅಂತ ಮಾತಾಡುವುದು ಎಂದು ಬೇಸತ್ತಿದ್ದಳು, ಅಷ್ಟೆ. ಮಗಳನ್ನು ಕರೆದುಕೊಂಡು ಬೇರೆ ಇರುತ್ತೇನೆ ಎಂದು ಹೇಳಿದ ದಿನ, ಇವನು ತಡೆಯುತ್ತಾನೇನೋ ಎಂದು ಬಾಗಿಲ ಬಳಿ ಒಂದಿಷ್ಟು ಹೊತ್ತು ನಿಂತೂ ನೋಡಿದಳು. ಇವನು ಸರಿ ಎಂದ. ಅಷ್ಟು ಸಾಲದೆಂಬಂತೆ ಅವಳ ಬೀರುವನ್ನು ಹೊತ್ತು ವ್ಯಾನಿಗೆ ಏರಿಸಿಕೊಟ್ಟ. ಹಗ್ಗವನ್ನೂ ತಾನೇ ಬಿಗಿದ, ದಾರಿಯಲ್ಲಿ ಬಿದ್ದು ಕನ್ನಡಿ ಒಡೆಯಬಾರದಲ್ಲ ಎಂದು. ಇಂಥವನಿಗೆ ಏನು ಹೇಳುವುದು?

ಅಂದಿನಿಂದ ವಾರವೆಲ್ಲ ಮಗಳು ತಾಯಿಯ ಮನೆಯಲ್ಲಿ, ಶನಿವಾರ ಭಾನುವಾರ ಅಪ್ಪನ ಜೊತೆ. ಮಗಳನ್ನು ಅವನು ‘ತರಲೆ’ ಎಂದೇ ಕರೆಯುತ್ತಿದ್ದದ್ದು. ಸ್ಕೂಲಿನಲ್ಲಿ ಅವಳು ಮಹಾ ಸಾಧು ಎಂದು ಟೀಚರು ಹೇಳಿದಾಗ ಅವನಿಗೆ ನಗು ತಡೆಯಲಾಗಿರಲಿಲ್ಲ. ಅಪ್ಪ ಮಗಳ ಜೊತೆಗೆ ಮೂರನೆಯದಾಗಿ ಒಂದು ನಾಯಿ. ಅದನ್ನು ಅವನು ಕೊಂಡದ್ದಲ್ಲ, ಸಾಕಬೇಕೆಂದು ತಂದದ್ದೂ ಅಲ್ಲ. ಹಳೆಯ ಕಟ್ಟಡವೊಂದರ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಎಣ್ಣೆ ಜಿಡ್ಡಿನ ನಡುವೆ ಕೂತು ಕುಂಯ್‌ಗುಡುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದಿದ್ದ. ತೊಳೆದ ಮೇಲೂ ಅದರ ಕಣ್ಣಿನ ಮೇಲೆ ಎರಡು ದಪ್ಪ ಕಪ್ಪು ಹುಬ್ಬು ಉಳಿದವು. ಯಾರನ್ನು ಕಂಡರೂ ಹೋಂವರ್ಕ್ ಮಾಡಿದ್ದೀಯಾ ಎಂದು ಕೇಳುವ ಹಾಗೆ ಅದು ದಿಟ್ಟಿಸುತ್ತಿದ್ದದ್ದರಿಂದ ಮಗಳು ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಳು.

ಈ ಮೂವರದ್ದು ಒಂದು ಆಟವಿತ್ತು. ಬೆಳಿಗ್ಗೆ ಮೇಷ್ಟ್ರನ್ನು ತಿರುಗಾಡಿಸಲು ಹೊರಟ ಮೇಲೆ, ಯಾರೂ ಸಾಕದ, ಯಾರೂ ಊಟ ಹಾಕದ ಒಂದು ಪ್ರಾಣಿಯನ್ನೋ ಹಕ್ಕಿಯನ್ನೋ ಮೊದಲು ಕಂಡವರು ಆ ದಿನದ ದೊರೆ. ಕಾಗೆ, ಪಾರಿವಾಳ ಲೆಕ್ಕಕ್ಕಿಲ್ಲ. ಬೀದಿನಾಯಿಯನ್ನು ಸೇರಿಸಿದರೆ ಮೇಷ್ಟ್ರಿಗೆ ಬೇಸರವಾದೀತೆಂದು ಅದನ್ನೂ ಬಿಟ್ಟಿದ್ದರು. ಬೀದಿದೀಪ ಹತ್ತುವವರೆಗೆ ದೊರೆಯ ಮಾತೇ ಮಾತು. ಆಗುವುದಿಲ್ಲ, ಆಮೇಲೆ, ನೋಡೋಣ ಎಂಬ ಮೂರು ಉತ್ತರಗಳನ್ನು ಯಾರೂ ಕೊಡುವ ಹಾಗಿಲ್ಲ. ಈ ನಿಯಮ ಮಾಡಿದವನು ಅಪ್ಪನೇ. ಆಡಿ ತೋರಿಸಲಾಗದ ಪ್ರೀತಿಯನ್ನೆಲ್ಲ ಮನುಷ್ಯ ಹೀಗೆ ಯಾವುದೋ ಆಟದ ಹೆಸರಲ್ಲಿ ಒಪ್ಪಿಸುತ್ತಾನೆ.

ಆಟ ಶುರುವಾದ ಹೊಸತರಲ್ಲಿ ಒಮ್ಮೆ ದೊರೆಯಾದ ತರಲೆ, ಅಮ್ಮನೂ ಈಗಲೇ ಬರಬೇಕು ಎಂದು ಅಪ್ಪಣೆ ಮಾಡಿದ್ದಳು. ಅವನು ಫೋನು ಮಾಡಿದ. ಪಾಪ, ಅವಳೂ ಬಂದಳು. ಮೂವರೂ ಪಾರ್ಕಿನ ಒಂದೇ ಬೆಂಚಿನ ಮೇಲೆ ಕೂತು ಐಸ್‌ಕ್ರೀಮು ತಿಂದರು. ಗಂಡ ಹೆಂಡತಿ ಇಬ್ಬರೂ ಮಗಳ ಜೊತೆ ಮಾತಾಡಿದರೇ ಹೊರತು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಐಸ್‌ಕ್ರೀಮು ಮುಗಿದ ಮೇಲೆ ಅಮ್ಮ ಕೈ ಒರೆಸಿಕೊಂಡು ಎದ್ದು ಹೋದಳು. ಆಮೇಲೆ ತರಲೆ ಅಂಥ ಅಪ್ಪಣೆ ಮತ್ತೆ ಕೊಡಲಿಲ್ಲ. ತನ್ನ ಅಪ್ಪಣೆ ಎಲ್ಲಿಯವರೆಗೆ ನಡೆಯುತ್ತದೆ ಎಂದು ಅವಳಿಗೆ ಅಂದೇ ತಿಳಿದುಹೋಗಿತ್ತು.

ಈಗ ನಾನು ಹೇಳಹೊರಟ ವಾರಕ್ಕೆ ಬರೋಣ. ಗುರುವಾರ ನರ್ಸಮ್ಮ ಫೋನು ಮಾಡಿದ್ದಳು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಮೇಲಿನ ಹುದ್ದೆ ಸಿಕ್ಕಿತ್ತು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಮಗಳನ್ನು ಕರೆದುಕೊಂಡೇ ಹೋಗಬೇಕು, ಬೇರೆ ಹೇಗೆ? ನಿನಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ, ನೀನು ಎದ್ದು ಓಡುತ್ತೀಯ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವಳು ಕೇಳಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಿಂಗಳು ಮುಗಿಯುವುದರೊಳಗೆ ಹೊರಡುವುದು. ಶನಿವಾರ ಭಾನುವಾರಗಳೆಲ್ಲ ಅಲ್ಲಿಗೆ ಮುಗಿದವು. ರಜೆಯಲ್ಲಿ ಕಳಿಸುತ್ತೇನೆ ಎಂದಳು.

ಅವನು ಸರಿ ಎಂದ.

‘ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ ನಿನ್ನಿಂದ ಕಿತ್ಕೊಂಡು ಹೋಗ್ತಿದ್ದೀನಿ ಅಂತಾಗುತ್ತೆ. ಈ ವಾರಾನೇ ಹೇಳ್ಬಿಡು’ ಎಂದಳು.

ಅದಕ್ಕೂ ಸರಿ ಎಂದ. ಫೋನಿಟ್ಟ ಮೇಲೆ ಮೇಷ್ಟ್ರು ಹುಬ್ಬೇರಿಸಿ ನೋಡುತ್ತಿತ್ತು. ಅವನು ಅದಕ್ಕೆ ಬೆನ್ನು ತಿರುಗಿಸಿ, ಮೊದಲೇ ತೊಳೆದಿಟ್ಟ ತಟ್ಟೆಗಳನ್ನು ಇನ್ನೊಮ್ಮೆ ತೊಳೆದ.

ಶನಿವಾರ ಬೆಳಿಗ್ಗೆ ನರ್ಸಮ್ಮನ ಕಟ್ಟಡದ ಕೆಳಗೆ ಎಂದಿನ ಹಾಗೆ ನಾಯಿಯ ಜೊತೆ ನಿಂತ. ಅಲ್ಲಿನ ಲಿಫ್ಟು ಓಬೀರಾಯನ ಕಾಲದ್ದು. ಸುತ್ತ ಕಬ್ಬಿಣದ ಜಾಲರಿ, ಕೈಯಿಂದ ಎಳೆದು ಹಾಕುವ ಮಡಚುವ ಬಾಗಿಲು. ಅದು ಪೂರ್ತಿ ಹಾಕದಿದ್ದರೆ ಲಿಫ್ಟು ಮಿಸುಕುವುದಿಲ್ಲ. ನಡುದಾರಿಯಲ್ಲಿ ಒಂದು ಬೆರಳಿನಷ್ಟು ಸರಿಸಿದರೂ ನಿಂತಲ್ಲೇ ನಿಂತುಬಿಡುತ್ತದೆ. ಮೇಲಿನ ಮಹಡಿಗಳಿಗೆ ನಾಯಿಯನ್ನು ಬಿಡುವುದಿಲ್ಲವಾದ್ದರಿಂದ ಅವನು ಎಂದೂ ಮೇಲೆ ಹೋಗುತ್ತಿರಲಿಲ್ಲ. ನಾಯಿ ಒಂದು ನೆಪ, ಅದು ಬೇರೆ ಮಾತು. ಭಾನುವಾರ ಸಂಜೆ ಮಗಳನ್ನು ಹತ್ತಿಸುವಾಗ ತಪ್ಪದೆ ‘ಬಾಗಿಲು ಸರಿಯಾಗಿ ಹಾಕು’ ಎನ್ನುತ್ತಿದ್ದ. ಮೇಲೆ ಬಾಗಿಲು ತೆರೆದ ಸದ್ದು, ಮತ್ತೆ ಹಾಕಿದ ಸದ್ದು ಎರಡೂ ಕೇಳಿಸಿದ ಮೇಲೆಯೇ ಅಲ್ಲಿಂದ ಹೊರಡುತ್ತಿದ್ದ.

ತರಲೆ ಇಳಿದು ಬಂದವಳೇ ಮೇಷ್ಟ್ರ ಎರಡು ಕಿವಿಯನ್ನೂ ಹಿಡಿದು ವಿಚಾರಿಸಿಕೊಂಡಳು. ಹೊಸ ಬೂಟು ಹಾಕಿದ್ದಳು, ಅಮ್ಮ ಕೊಡಿಸಿದ್ದು ಎಂದಳು. ಅವನು ಚೆನ್ನಾಗಿದೆ ಎಂದನೇ ಹೊರತು ಸರಿಯಾಗಿ ನೋಡಲಿಲ್ಲ. ಹೇಗೆ ಶುರು ಮಾಡುವುದು ಎಂದು ತಲೆಯೊಳಗೆ ಮಾತು ಜೋಡಿಸುತ್ತಿದ್ದ.

ಕಾಲುವೆಯ ದಂಡೆ ಹಿಡಿದು ಹೊರಟರು. ನಗರದ ಕಾಲುವೆ ಹೇಗಿರುತ್ತದೋ ಹಾಗೇ ಇತ್ತು, ನೀರಿಗಿಂತ ಬಾಟಲಿ ಹೆಚ್ಚು. ಇನ್ನೂ ಸೇತುವೆ ಬಂದಿರಲಿಲ್ಲ, ಅಷ್ಟರಲ್ಲಿ ತರಲೆ ಅವನ ತೋಳು ಜಗ್ಗಿದಳು. ಒಡೆದ ನೀರಿನ ಪೈಪಿನ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಆ ಕೊಳಕಿನ ನಡುವೆ ಅದರ ನೀಲಿ ಯಾರೋ ಮರೆತು ಬಿಟ್ಟುಹೋದ ಹಾಗಿತ್ತು. ಅದು ದುಡುಮ್ಮನೆ ಬಿದ್ದು ಒಂದು ಸಣ್ಣ ಮೀನು ಹಿಡಿದು ಬಂದು, ಪೈಪಿಗೆ ಎರಡು ಸಲ ಬಡಿದು ನುಂಗಿತು. ಮಗಳು ಗದ್ದ ಎತ್ತಿ ನಿಂತಳು, ದೊರೆಯ ಪಟ್ಟ ಬಂದಾಗ ನಿಲ್ಲುವ ಹಾಗೆ.

ಆ ದಿನದ ಅಪ್ಪಣೆಗಳು ಒಂದಲ್ಲ ಎರಡಲ್ಲ. ಅಪ್ಪ ಅಂಗಿಯನ್ನು ಒಳಹೊರಗೆ ತಿರುಗಿಸಿ ಹಾಕಿಕೊಳ್ಳಬೇಕು. ಬಸ್ಸಿನಲ್ಲಿ ಎಲ್ಲರಿಗಿಂತ ಮುಂದಿನ ಸೀಟು, ಹತ್ತಿದ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೆ. ಅಲ್ಲಿಂದ ವಸ್ತುಸಂಗ್ರಹಾಲಯ. ಮೇಷ್ಟ್ರನ್ನು ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಅಡ್ಡ ನಿಂತ. ದೊರೆ ತಾನೇ ಹೋಗಿ ಏನೋ ಮಾತಾಡಿದಳು. ಆಮೇಲೆ ನೋಡಿದರೆ ಕಾವಲುಗಾರ ನಾಯಿಯ ಹಗ್ಗ ಹಿಡಿದು ಕೂತಿದ್ದ, ನಾಯಿ ಅವನನ್ನು ಪಾಠ ಒಪ್ಪಿಸು ಎಂಬಂತೆ ನೋಡುತ್ತಿತ್ತು.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಹುಲ್ಲು ತುಂಬಿದ ಪ್ರಾಣಿಗಳು. ಬಾತುಕೋಳಿಗಳ ಪೆಟ್ಟಿಗೆಯ ಮುಂದೆ ಯಾರೂ ಇರಲಿಲ್ಲ. ಇವು ಬೇಸಿಗೆಯಲ್ಲಿ ದೂರದ ದೇಶಕ್ಕೆ ಹೋಗಿ ಚಳಿಗಾಲಕ್ಕೆ ಮತ್ತೆ ಇದೇ ಕೆರೆಗೆ ಬರುತ್ತವೆ ಎಂದು ಫಲಕದಲ್ಲಿ ಬರೆದಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಹೇಳಿಬಿಡು ಮಾರಾಯ ಎಂದು ಆ ಬಾತುಗಳೇ ಕಣ್ಣು ಬಿಟ್ಟು ಕೂತಿದ್ದವು. ಅವನು ಗಂಟಲು ಸರಿಮಾಡಿಕೊಂಡ. ತರಲೆ ಥಟ್ಟನೆ ತಿರುಗಿ ಅವನ ಮುಖವನ್ನೇ ನೋಡಿದಳು.

‘ಹಸಿವಾಯ್ತಾ?’ ಎಂದ.

ಇಲ್ಲ ಎಂದು ತಲೆಯಾಡಿಸಿ ಅವಳು ಮತ್ತೆ ಬಾತುಗಳ ಕಡೆ ತಿರುಗಿದಳು. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಸಂಜೆ ಅವನ ಮನೆಯ ತಾರಸಿಯಲ್ಲಿ ಕೂತು, ಎದುರಿನ ಗೋದಾಮಿನ ಮಾಡಿನಿಂದ ಬಾವಲಿಗಳು ಒಂದೊಂದಾಗಿ ಹೊರಬೀಳುವುದನ್ನು ನೋಡಿದರು. ಬೀದಿದೀಪ ಹತ್ತಿತು, ಅವನು ಅಂಗಿ ಸರಿಯಾಗಿ ಹಾಕಿಕೊಂಡ. ನಾಳೆ ಹೇಳುತ್ತೇನೆ ಎಂದುಕೊಂಡ. ಮೊಟ್ಟೆ ಒಡೆದು ಬ್ರೆಡ್ಡಿನ ಮೇಲೆ ಹಾಕುವಾಗಲೂ ಅದನ್ನೇ ಅಂದುಕೊಂಡ.

ಭಾನುವಾರ ಪಾರ್ಕಿನ ಕಡೆ ಹೋದರು. ತರಲೆ ಅಂದು ಯಾಕೋ ಹಿಂದೆ ಹಿಂದೆ ಉಳಿಯುತ್ತಿದ್ದಳು. ಪಾರ್ಕಿನ ಗೇಟಿನ ಹತ್ತಿರ ಕೆಟ್ಟುಹೋದ ಒಂದು ದೀಪದ ಕಂಬವಿತ್ತು, ಅದರ ಬುರುಡೆಯ ಗಾಜು ಒಡೆದು ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿತು. ತರಲೆಯೂ ಮೇಲೆ ನೋಡಿದ ಹಾಗಿತ್ತು. ಆದರೆ ಮರುಗಳಿಗೆಯೇ ‘ಲೇಸ್ ಬಿಚ್ಚೋಯ್ತು’ ಎಂದು ಕೂತು ಬೂಟಿನ ಮೇಲೆ ಬಗ್ಗಿದಳು. ಅವನು ತಲೆ ಎತ್ತಿದ. ಬುರುಡೆಯೊಳಗೆ ಬಲ್ಬು ಇರಬೇಕಾದ ಜಾಗದಲ್ಲಿ ಅಂಗೈಯಷ್ಟು ಒಂದು ಮರಿಗೂಬೆ ಕೂತು ಅವನನ್ನೇ ನೋಡುತ್ತಿತ್ತು.

‘ಕಂಡೆ! ಗೂಬೆ! ನಾನೇ ದೊರೆ!’

ಎಷ್ಟೋ ವಾರಗಳ ಮೇಲೆ ಗೆದ್ದಿದ್ದ. ಆ ಮಾತು ಬಾಯಿಂದ ಬಂದಾಗ ಅವನು ಹೇಳಬೇಕಾದ ಇನ್ನೊಂದು ಮಾತನ್ನು ಪೂರ್ತಿ ಮರೆತುಬಿಟ್ಟಿದ್ದ. ತರಲೆ ನಿಧಾನಕ್ಕೆ ಎದ್ದು ನಿಂತು, ಕೈಕಟ್ಟಿಕೊಂಡು, ಅಪ್ಪಣೆ ಏನು ಎಂದು ಕೇಳಿದಳು. ದೊರೆತನದ ಅಭ್ಯಾಸವಿಲ್ಲದ ಅವನಿಗೆ ಏನು ಕೇಳಬೇಕೆಂದೇ ತಿಳಿಯಲಿಲ್ಲ. ಮೇಷ್ಟ್ರಿಗೆ ಸಲಾಮು ಹೊಡಿ ಎಂದ. ಹೊಡೆದಳು. ಜಾರುಬಂಡೆಯನ್ನು ತಿರುವುಮುರುವಾಗಿ ಹತ್ತು ಎಂದ. ಹತ್ತಿದಳು. ಒಂದೊಂದು ಅಪ್ಪಣೆ ಮುಗಿದಾಗಲೂ ಮತ್ತೆ ಅವನೆದುರು ಬಂದು ನಿಂತು ‘ಇನ್ನೇನು?’ ಎನ್ನುತ್ತಿದ್ದಳು. ಅವಳಿಗೆ ಆಟ ಹಿಡಿಸಿದೆ ಎಂದು ಅವನು ತಿಳಿದ. ಎಲ್ಲ ಗಂಡಸರ ಹಣೆಬರಹವೂ ಇಷ್ಟೇ, ಕಣ್ಣೆದುರಿಗೆ ಇರುವುದು ಕಾಣುವುದಿಲ್ಲ.

ಮಧ್ಯಾಹ್ನ ಕರೆ ಬಂತು. ನಗರದ ನಡುವಿನ ಕಟ್ಟಡವೊಂದರಲ್ಲಿ ಹಲ್ಲಿನ ಡಾಕ್ಟರೊಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ರಜೆಯ ದಿನ, ಯಾರೂ ಇಲ್ಲ. ಮಗಳನ್ನೂ ನಾಯಿಯನ್ನೂ ಜೊತೆಯಲ್ಲೇ ಕರೆದುಕೊಂಡು ಓಡಿದ. ಜೀವನವಿಡೀ ಜನರಿಗೆ ಬಾಯಿ ತೆರೆಯಿರಿ ಎಂದ ಡಾಕ್ಟರು ಈಗ ತಾವೇ ತೆರೆದ ಬಾಯಿ ಮುಚ್ಚುತ್ತಿರಲಿಲ್ಲ, ಒಳಗಿನಿಂದ ಒಂದೇ ಸಮನೆ ಕೂಗುತ್ತಿದ್ದರು. ಅವನು ಬಾಗಿಲಿಗೆ ಕಿವಿ ತಾಗಿಸಿ ನಿಂತ. ಅವನ ದನಿಯೇ ಬದಲಾಯಿತು. ಕೂತುಕೊಳ್ಳಿ ಎಂದ. ಮೊದಲು ಕಿತ್ತ ಹಲ್ಲು ಯಾರದ್ದು ನೆನಪಿದೆಯೇ ಎಂದು ಕೇಳಿದ. ಡಾಕ್ಟರು ಕೂಗುವುದನ್ನು ನಿಲ್ಲಿಸಿ, ತಮ್ಮ ಸೋದರತ್ತೆಯದ್ದು ಎಂದರು. ಅತ್ತೆ ಏನಂದರು ಎಂದು ಕೇಳಿದ. ಹೀಗೆ ಮಾತು ಬೆಳೆಸುತ್ತ, ಬಾಗಿಲು ಬಿಡಿಸುವ ಕೆಲಸಕ್ಕೆ ಕೈ ಹಾಕುವ ಮುಂಚೆ ಎಂದಿನ ಮಾತು ಹೇಳಿದ, ‘ನೀವು ಹೊರಗೆ ಬರೋ ತನಕ ನಾನು ಇಲ್ಲಿಂದ ಕದಲೋದಿಲ್ಲ.’

ಟಾರ್ಚು ಹಿಡಿದು ನಿಂತಿದ್ದ ತರಲೆ ಇದನ್ನೆಲ್ಲ ಕೇಳಿಸಿಕೊಂಡಳು. ಮಂದಿಯ ಜೊತೆ ಅಪ್ಪ ಇಷ್ಟು ಮಾತಾಡುವುದನ್ನು ಅವಳು ಎಂದೂ ಕೇಳಿರಲಿಲ್ಲ. ಡಾಕ್ಟರು ಹೊರಗೆ ಬಂದು, ಅವನ ಎರಡೂ ಕೈ ಹಿಡಿದುಕೊಂಡು, ಯಾವಾಗ ಬಂದರೂ ನಿಮ್ಮ ಹಲ್ಲು ಪುಕ್ಕಟೆ ಕೀಳುತ್ತೇನೆ ಎಂದು ಮಾತು ಕೊಟ್ಟು ಹೋದರು. ಬೀದಿಗೆ ಬಂದ ಮೇಲೆ ತರಲೆ ಕೇಳಿದಳು.

‘ಎಲ್ರಿಗೂ ಹಂಗೇ ಹೇಳ್ತೀಯಾ? ಕದಲಲ್ಲ ಅಂತ?’

‘ಹೂಂ.’

‘ಗುರುತೇ ಇಲ್ದೇ ಇರೋರಿಗೂ?’

‘ಸಿಕ್ಕಾಕೊಂಡೋರು ಯಾರಾದ್ರೇನು’ ಎಂದ. ತನ್ನ ಕೆಲಸದ ಬಗ್ಗೆ ಮಗಳು ವಿಚಾರಿಸುತ್ತಿದ್ದಾಳೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಐಸ್‌ಕ್ರೀಮು ತಿನ್ನು ಎಂದು ದೊರೆ ಅಪ್ಪಣೆ ಮಾಡಿದ. ತಿಂದಳು. ಅರ್ಧ ಮೇಷ್ಟ್ರ ಪಾಲಾಯಿತು.

ಬಿಸಿಲು ಇಳಿಯಿತು. ನರ್ಸಮ್ಮನ ಕಟ್ಟಡ ಹತ್ತಿರ ಬಂದ ಹಾಗೆಲ್ಲ ಅವನ ನಡಿಗೆ ನಿಧಾನವಾಯಿತು. ಒಂದು ಅಂಗಡಿಯ ಮುಂದೆ ನಿಂತ. ಇನ್ನೊಂದು ಅಂಗಡಿಯ ಮುಂದೆಯೂ ನಿಂತ, ಅದು ಮುಚ್ಚಿದ ಅಂಗಡಿ. ಬೇಲಿಯ ಸಂದಿಯಿಂದ ಒಂದು ಮುಂಗುಸಿ ಓಡಿಹೋದಾಗ ಅದನ್ನು ಮೂವರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಎರಡು ದಿನ ಪೂರ್ತಿ ಕೈಯಲ್ಲಿತ್ತು. ಬಸ್ಸಿತ್ತು, ಬೆಂಚಿತ್ತು, ತಾರಸಿಯಿತ್ತು, ಆ ಹಾಳು ಬಾತುಕೋಳಿಗಳಿದ್ದವು. ಎಲ್ಲ ಕೈಜಾರಿ ಹೋಗಿತ್ತು. ಮೇಲೆ ಹೋದ ಮೇಲೆ ಅವಳಮ್ಮ, ಅಪ್ಪ ಹೇಳಿದನಾ ಎಂದು ಕೇಳುತ್ತಾಳೆ. ಇವಳು, ಏನು ಎಂದು ಕೇಳುತ್ತಾಳೆ.

ಲಿಫ್ಟಿನ ಮುಂದೆ ನಿಂತರು. ತರಲೆ ಮೇಷ್ಟ್ರ ಕುತ್ತಿಗೆ ತಬ್ಬಿಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದಳು. ಆಮೇಲೆ ಎದ್ದು, ಕೊನೆಯ ಸಲ ಎಂಬಂತೆ ಕೇಳಿದಳು, ‘ಇನ್ನೇನು ಅಪ್ಪಣೆ?’

ಅವನ ಬಾಯಿ ತೆರೆಯಿತು.

‘ಬಾಗಿಲು ಸರಿಯಾಗಿ ಹಾಕು’ ಎಂದ.

ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಇವನು ಹೊರಗಿನ ಜಾಲರಿ ಹಾಕಿದ. ಲಿಫ್ಟು ನರಳುತ್ತ ಮೇಲೆದ್ದಿತು, ಒಂದಾಳೆತ್ತರ ಏರಿತೋ ಇಲ್ಲವೋ, ಕಟಕ್ಕೆಂದು ನಿಂತಿತು. ಬಾಗಿಲು ಬೆರಳಿನಷ್ಟು ಸರಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೆಟ್ಟು ನಿಂತದ್ದಲ್ಲ, ನಿಲ್ಲಿಸಿದ್ದು. ಮೇಷ್ಟ್ರು ಒಂದು ಸಲ ಬೊಗಳಿ ಸುಮ್ಮನಾಯಿತು.

‘ಹೆದರ್ಬೇಡ’ ಎಂದ ಅಭ್ಯಾಸಬಲದಿಂದ. ‘ನಾನು ಇಲ್ಲೇ ಇದ್ದೀನಿ. ನೀನು ಹೊರಗೆ ಬರೋ ತನಕ—’

‘ಅದು ಬೇರೆಯವ್ರಿಗೆ ಹೇಳೋದು’ ಎಂದಳು ಮೇಲಿನಿಂದ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ‘ನಂಗೆಲ್ಲಾ ಗೊತ್ತು ಅಪ್ಪ. ಅಮ್ಮ ಫೋನಲ್ಲಿ ಮಾತಾಡ್ತಿದ್ದಾಗ ಕೇಳಿಸ್ಕೊಂಡೆ. ರೈಲು, ಹೊಸ ಸ್ಕೂಲು, ಎಲ್ಲಾ.’

ಅವನು ಜಾಲರಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಲಿಫ್ಟಿನ ನೆಲ ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕೆ ನಿಂತಿತ್ತು. ಎದುರಿಗೆ ಕಾಣುತ್ತಿದ್ದದ್ದು ಮಗಳ ಎರಡು ಪಾದ, ಎರಡು ಹೊಸ ಬೂಟು. ಎರಡು ದಿನದಿಂದ ಜೊತೆಗೇ ನಡೆದ ಬೂಟುಗಳನ್ನು ಅವನು ಈಗ ಮೊದಲ ಸಲ ನೋಡಿದ. ಅಂಟಿಸುವ ಪಟ್ಟಿಯ ಬೂಟು. ಒಂದಕ್ಕೂ ಲೇಸಿರಲಿಲ್ಲ.

ಪಾರ್ಕಿನ ಗೇಟು, ಒಡೆದ ದೀಪ, ಬಗ್ಗಿ ಕೂತ ಮಗಳು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಗೂಬೆಯನ್ನು ಮೊದಲು ಕಂಡವಳು ಅವಳು. ಕಂಡೂ ಕಾಣದವಳ ಹಾಗೆ ಇಲ್ಲದ ಲೇಸು ಕಟ್ಟುತ್ತ ಕೂತು, ದೊರೆತನವನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ತನ್ನ ಅಪ್ಪಣೆ ನಡೆಯುವುದಿಲ್ಲ, ಅಪ್ಪನ ಅಪ್ಪಣೆಯಾದರೂ ನಡೆದೀತು ಎಂದು. ಆಮೇಲೆ ಇಡೀ ದಿನ ಎದುರಿಗೆ ಬಂದು ನಿಂತು ಇನ್ನೇನು, ಇನ್ನೇನು ಎಂದು ಕೇಳುತ್ತಲೇ ಇದ್ದಳು. ಅವನು ಜಾರುಬಂಡೆ ಹತ್ತಿಸಿದ್ದ, ನಾಯಿಗೆ ಸಲಾಮು ಹೊಡೆಸಿದ್ದ.

ಅವಳು ಕುಕ್ಕರುಗಾಲಲ್ಲಿ ಕೂತಳು. ಈಗ ಮುಖ ಕಾಣಿಸಿತು, ಎರಡು ಜಾಲರಿಗಳ ಹಿಂದೆ.

‘ದೀಪ ಇನ್ನೂ ಹತ್ತಿಲ್ಲ. ನೀನೇ ದೊರೆ. ಏನ್ ಹೇಳಿದ್ರೂ ಕೇಳ್ತೀನಿ.’

ಹೋಗಬೇಡ. ಅಷ್ಟೇ ಮಾತು. ಅವನು ಅದನ್ನು ಹೇಳಿದರೆ ಅವಳು ಕೇಳುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ನಿಯಮ ಮುರಿದವಳಲ್ಲ ಅವಳು. ರೈಲು ಹೊರಡುವ ದಿನ ಮಂಚದ ಕಾಲನ್ನು ತಬ್ಬಿಕೊಂಡು ಕೂತುಬಿಡುತ್ತಾಳೆ. ಅವಳಮ್ಮ ಕೈ ಹಿಡಿದು ಎಳೆಯಬೇಕು. ಬೆಳಗಿನ ಜಾವ ಕರೆ ಬಂದರೆ ಇವಳನ್ನು ಯಾರ ಹತ್ತಿರ ಬಿಡುವುದು ಎಂದು ಅವನು ಎಷ್ಟೋ ಸಲ ಯೋಚಿಸಿ ನೋಡಿದ್ದ. ಯಾವ ದಿಕ್ಕಿನಿಂದ ಯೋಚಿಸಿದರೂ ಕೊನೆಗೆ ಖಾಲಿ ಮನೆಯಲ್ಲಿ ಒಬ್ಬಳೇ ಕೂತ ಮಗುವೇ ಕಾಣುತ್ತಿತ್ತು. ತಾನು ಮೊದಲೇ ಸರಿ ಅಂದಾಗಿದೆ ಎಂಬುದನ್ನು ಅವಳಿಗೆ ಹೇಗೆ ಹೇಳುವುದು? ಸಾವಿರ ಜನರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದವನಿಗೆ ತನ್ನ ಮಗಳನ್ನು ಹೊರಗೆ ತೆಗೆಯಲು ಯಾವ ಉಪಾಯವೂ ಹೊಳೆಯಲಿಲ್ಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಜಾಲರಿ ಬಿಡಬೇಕಿತ್ತು, ಬಿಡಲಿಲ್ಲ.

ತರಲೆ ಕಾದಳು. ಅವಳಮ್ಮ ಅಂದು ಬಾಗಿಲ ಬಳಿ ಕಾದಿದ್ದಕ್ಕಿಂತ ಹೆಚ್ಚು ಹೊತ್ತು ಕಾದಳು.

‘ಅಪ್ಪ?’

‘ಬಾಗಿಲು ಹಾಕು ಮಗಾ’ ಎಂದ.

ಅವಳು ತಕ್ಷಣ ಏಳಲಿಲ್ಲ. ಸರಿಯಾಗಿ ಕೇಳಿಸಿತೇ ಎಂಬಂತೆ ಅವನನ್ನು ನೋಡಿದಳು. ಆಮೇಲೆ ‘ಸರಿ’ ಎಂದಳು. ಅವನದ್ದೇ ಪದ, ಅವನದ್ದೇ ದನಿ.

ಬಾಗಿಲು ಎಳೆದ ಸದ್ದಾಯಿತು. ಲಿಫ್ಟು ಮತ್ತೆ ನರಳಿ ಮೇಲೆದ್ದಿತು. ಬೂಟುಗಳು ಅವನ ಹಣೆಯ ಮಟ್ಟಕ್ಕೆ ಹೋದವು, ತಲೆಯ ಮೇಲೆ ಹೋದವು, ಆಮೇಲೆ ಲಿಫ್ಟಿನ ತಳ ಮತ್ತು ಜೋತಾಡುವ ವೈರು ಮಾತ್ರ ಉಳಿದವು. ಮೇಲೆ ಬಾಗಿಲು ತೆರೆಯಿತು. ಮತ್ತೆ ಮುಚ್ಚಿತು. ಚಿಲಕ ಕೊನೆಯವರೆಗೆ ಸರಿದು ಕೂತದ್ದೂ ಕೇಳಿಸಿತು. ಅವನು ಹೇಳಿಕೊಟ್ಟ ಹಾಗೆಯೇ, ಸರಿಯಾಗಿ ಹಾಕಿದ್ದಳು.

ಹೊರಗೆ ಬೀದಿದೀಪ ಹತ್ತಿತು. ಮೇಷ್ಟ್ರು ಎದ್ದು ಹಗ್ಗ ಜಗ್ಗಿತು, ಮನೆಗೆ ಹೋಗುವ ಹೊತ್ತು ಅದಕ್ಕೂ ಗೊತ್ತಿತ್ತು. ಅವನು ಮಾತ್ರ ಅಲ್ಲಿಂದ ಕದಲಲಿಲ್ಲ.